ಉತ್ತರೆ ಮಳೆಯ ನಾಡಿನಿಂದ ಗಾಳಿಯ ಬಯಲಿಗೆ: ಸೆಪ್ಟೆಂಬರ್‌ನಲ್ಲಿ ಬರುವ ಮಲೆನಾಡಿನವರಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಅಮೆರಿಕದ ನಡುಬಯಲಿಗೆ, ಅಂದರೆ ಕ್ಯಾನ್ಸಸ್, ನೆಬ್ರಾಸ್ಕ, ಒಕ್ಲಹೋಮ, ಡಕೋಟಾಗಳಿಗೆ ಹೊರಟವರು ಪೆಟ್ಟಿಗೆ ಕಟ್ಟುವಾಗ ಅಂಗಳದಲ್ಲಿ ಹುಬ್ಬೆ ಮಳೆ ಹೊಯ್ಯುತ್ತಿರುತ್ತದೆ. ಕೈ ತಾನಾಗಿಯೇ ಕೊಡೆಯ ಕಡೆ ಹೋಗುತ್ತದೆ. ಕೊಡೆಯನ್ನು ಊರಲ್ಲೇ ಬಿಡಿ. ಬಯಲಿನ ಗಾಳಿಗೆ ಅದು ಮೊದಲ ವಾರವೇ ತಿರುವುಮುರುವಾಗಿ ಕಡ್ಡಿ ಮುರಿಯುತ್ತದೆ. ಗದ್ದೆ ನಟ್ಟಿಯವರಿಗೆ ಗೊರಬು ಹೇಗೋ ಹಾಗೆ ಇಲ್ಲಿ ತಲೆ ಮುಚ್ಚುವ, ಗಾಳಿ ತಡೆಯುವ ಜಾಕೆಟ್ ಬೇಕು. ಅಟ್ಟದ ಮೇಲಿನ ಉಣ್ಣೆ ಬಟ್ಟೆ ತರುವುದಾದರೆ ಬಿಸಿಲು ಕಂಡ ದಿನ ಒಣಗಿಸಿ ತನ್ನಿ. ಮಳೆಗಾಲದ ತೇವದಲ್ಲೇ ಮಡಚಿಟ್ಟರೆ ಪ್ರಯಾಣದ ಎರಡು ದಿನದಲ್ಲಿ ಬೂಷ್ಟು ಹಿಡಿದು, ಆ ವಾಸನೆ ಮೂರು ಸಲ ತೊಳೆದರೂ ಬಿಡುವುದಿಲ್ಲ.

ಲೈಸೆನ್ಸು, ಬ್ಯಾಂಕು, ಫೋನು ಎಲ್ಲ ಕಚೇರಿಯವರು ಹೇಳಿದ ಕ್ರಮದಲ್ಲೇ ಮುಗಿಯುತ್ತವೆ. ಹವೆಯನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನಮ್ಮವರು ಮೊದಲು ಎಡವುವುದು ಋತುಮಾನದ ಮುನ್ನೋಟದಲ್ಲಿ. ಅಮೆರಿಕ ಸರ್ಕಾರದ ಹವಾಮಾನ ಸಂಸ್ಥೆಯಾದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಪ್ರತಿ ತಿಂಗಳ ಮೂರನೇ ಗುರುವಾರ ಮುಂದಿನ ಮೂರು ತಿಂಗಳ ನಕ್ಷೆ ಕೊಡುತ್ತದೆ. 6ರಿಂದ 10 ದಿನದ್ದು, 8ರಿಂದ 14 ದಿನದ್ದು ಬೇರೆ ಇವೆ. ನಕ್ಷೆಯಲ್ಲಿ ನಿಮ್ಮೂರಿನ ಮೇಲೆ ಹಸಿರು ಬಣ್ಣ, 40 ಎಂಬ ಅಂಕಿ ಕಂಡರೆ 'ಶೇ. 40 ಮಳೆ' ಎಂದಲ್ಲ, ಜೋರು ಮಳೆ ಎಂದೂ ಅಲ್ಲ. ಅವರು 1991ರಿಂದ 2020ರವರೆಗಿನ ದಾಖಲೆಯನ್ನು ಕಡಿಮೆ, ಸಾಧಾರಣ, ಹೆಚ್ಚು ಎಂದು ಮೂರು ಸಮಪಾಲು ಮಾಡಿಕೊಂಡಿರುತ್ತಾರೆ. ಏನೂ ಸುಳಿವಿಲ್ಲದಿದ್ದರೆ ಪ್ರತಿ ಪಾಲಿಗೂ ಶೇ. 33. 'ಹೆಚ್ಚು' ಎಂಬ ಪಾಲು 40ಕ್ಕೆ ಏರಿದೆ ಎಂದರೆ ತಕ್ಕಡಿ ತುಸು ಆ ಕಡೆ ವಾಲಿದೆ, ಅಷ್ಟೆ. ಸಾಧಾರಣವೋ ಕಡಿಮೆಯೋ ಆಗುವ ಸಾಧ್ಯತೆ ಇನ್ನೂ 60 ಉಳಿದಿದೆ. 'ಸಮಾನ ಅವಕಾಶ' ಎಂದು ಬರೆದ ಜಾಗವನ್ನು ಸಾಧಾರಣ ಮಳೆ ಎಂದು ಓದುವವರೂ ಇದ್ದಾರೆ. ಯಾವ ಕಡೆಯೂ ವಾಲಿಲ್ಲ ಎಂಬುದಷ್ಟೇ ಅದರ ಅರ್ಥ.

'ಹೆಚ್ಚು' ಎನ್ನುವಾಗ ಯಾವುದಕ್ಕಿಂತ ಹೆಚ್ಚು ಎಂಬುದೂ ಮನಸ್ಸಿನಲ್ಲಿರಬೇಕು. ಪಶ್ಚಿಮ ಕ್ಯಾನ್ಸಸ್‌ನಲ್ಲಿ ವರ್ಷವಿಡೀ ಬೀಳುವುದು 500 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಜುಲೈನ ಒಂದು ಜೋರು ವಾರ ಅಷ್ಟನ್ನು ಸುರಿದುಬಿಡುತ್ತದೆ. ಪೂರ್ವಕ್ಕೆ ಬಂದಂತೆ ಮಳೆ ಏರುತ್ತದೆ, ಪಶ್ಚಿಮಕ್ಕೆ ಹೋದಂತೆ ಇಳಿಯುತ್ತದೆ. ನಮ್ಮಲ್ಲಿ ಘಟ್ಟದ ನೆತ್ತಿಯಿಂದ ಶಿಕಾರಿಪುರದ ಕಡೆ ಇಳಿದಂತೆ ಮಳೆ ಕರಗುತ್ತದಲ್ಲ, ಹಾಗೆಯೇ, ದಿಕ್ಕು ಮಾತ್ರ ತಿರುಗುಮುರುಗು.

ದಿನದ ಮುನ್ಸೂಚನೆಯಲ್ಲಿ 'ಮಳೆ 30%' ಎಂದಿದ್ದರೆ ದಿನದಲ್ಲಿ ಮೂರನೇ ಒಂದು ಪಾಲು ಹೊತ್ತು ಮಳೆ ಎಂದಲ್ಲ. ನೀವಿರುವ ಜಾಗದಲ್ಲಿ ಆ ಅವಧಿಯೊಳಗೆ ಕನಿಷ್ಠ 0.01 ಇಂಚು, ಅಂದರೆ ಕಾಲು ಮಿಲಿಮೀಟರ್ ಬೀಳುವ ಸಾಧ್ಯತೆ ಅದು. ಮಲೆನಾಡಿನಲ್ಲಿ ಅದನ್ನು ಯಾರೂ ಮಳೆ ಎನ್ನುವುದಿಲ್ಲ.

ಊರಿನಲ್ಲಿ ಫೋನು ಹಿಡಿದು ಕೂತ ಅಪ್ಪ ಅಮ್ಮನಿಗೆ ಒಂದು ಮಾತು. ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿದೆ ಎಂಬ ಸುದ್ದಿ ಬಂದರೆ ನಮ್ಮ ಮುಂಗಾರಿಗೆ ಕುತ್ತು ಎಂಬ ಭಯ ಸಹಜ. ಅದೇ ಎಲ್ ನಿನೊ ಬಯಲಿನ ದಕ್ಷಿಣ ಭಾಗಕ್ಕೆ ಚಳಿಗಾಲದಲ್ಲಿ ಹೆಚ್ಚು ತೇವ ತರುವುದೇ ವಾಡಿಕೆ, ಆ ನೀರು ತಣಿಯುವ ಲಾ ನಿನಾ ಬಂದರೆ ಅಲ್ಲಿ ಒಣ ಹವೆ. ಲಿಂಗನಮಕ್ಕಿಯ ನೀರಿನ ಮಟ್ಟ ನೋಡಿ ಮಗಳ ಊರಿನ ಬರವನ್ನು ಊಹಿಸಬೇಡಿ.

ಈಗ ಮುಖ್ಯ ವಿಷಯ. ಊರಲ್ಲಿ ಆಕಾಶ ನೋಡುವುದು ಮಳೆಗಾಗಿ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೋಡಬೇಕಾದದ್ದು ಗಾಳಿಯ ದಿಕ್ಕು ಮತ್ತು ರಾತ್ರಿಯ ಕನಿಷ್ಠ ಉಷ್ಣಾಂಶ. ಕೆನಡಾದಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಅಡ್ಡಲಾಗಿ ಒಂದು ಗುಡ್ಡಸಾಲೂ ಇಲ್ಲ. ಉತ್ತರದ ಶೀತಗಾಳಿಗೆ ತಡೆಯೇ ಇಲ್ಲ. ಮಧ್ಯಾಹ್ನ ದಕ್ಷಿಣದಿಂದ ಬೆಚ್ಚಗೆ ಬೀಸುತ್ತಿದ್ದ ಗಾಳಿ ವಾಯವ್ಯಕ್ಕೆ ತಿರುಗಿತು ಎಂದರೆ ಶೀತಮುಖ, ಅಂದರೆ ತಣ್ಣನೆ ಗಾಳಿಯ ಮುಂಚೂಣಿ, ದಾಟಿತು ಎಂದು ತಿಳಿಯಿರಿ. ಕೆಲವೇ ತಾಸಿನಲ್ಲಿ 30 ಡಿಗ್ರಿ ಫ್ಯಾರನ್‌ಹೀಟ್ ಕುಸಿಯುವುದುಂಟು. ಹಗಲಿನ ಗರಿಷ್ಠ ಮಾತ್ರ ನೋಡಿ ಅಂಗಿಯಲ್ಲಿ ಹೊರಟವರು ಸಂಜೆ ಬಸ್ ನಿಲ್ದಾಣದಲ್ಲಿ ನಡುಗುತ್ತಾರೆ.  ಅಂಕಿ ತಲೆಗೆ ಹತ್ತಲು ನಾಲ್ಕು ಗುರುತು ಸಾಕು: 86 ಎಂದರೆ 30 ಸೆಲ್ಸಿಯಸ್, 68 ಎಂದರೆ 20, 50 ಎಂದರೆ 10, 32 ಎಂದರೆ ಸೊನ್ನೆ.

ಮಕ್ಕಳಿಗೆ ಒಂದೇ ದಪ್ಪ ಕೋಟಿನ ಬದಲು ಮೂರು ತೆಳು ಪದರ ಹಾಕಿ: ಒಳಗೆ ಹತ್ತಿ, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವುದು. ಬೆಳಿಗ್ಗೆ 42 ಇದ್ದದ್ದು ಮಧ್ಯಾಹ್ನ 75 ಆದಾಗ ಅವು ಬಿಚ್ಚಿ ಶಾಲೆಯಲ್ಲೇ ಮರೆತು ಬರುತ್ತವೆ. ಪ್ರತಿ ಪದರಕ್ಕೂ ಹೆಸರು ಬರೆಯಿರಿ.

ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಬಿಳಿ ಇಬ್ಬನಿ, ಬೀಳುವ ರಾತ್ರಿಯನ್ನು ಮಲೆನಾಡಿನವರು ಬೇಗ ಗುರುತಿಸಬಲ್ಲರು. ಕಾರ್ತಿಕದಲ್ಲಿ ಇಬ್ಬನಿ ದಟ್ಟವಾಗಿ ಇಳಿಯುವ ರಾತ್ರಿಯ ಲಕ್ಷಣಗಳೇ ಇವು: ಮೋಡವಿಲ್ಲದ ಆಕಾಶ, ಎಲೆ ಅಲುಗದ ಗಾಳಿ. ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಮೇಲಿನ ಗಾಳಿಗಿಂತ ಬೇಗ ತಣಿಯುತ್ತದೆ. ಆದ್ದರಿಂದಲೇ ಮುನ್ಸೂಚನೆ 36 ಎಂದಿದ್ದರೂ ಹುಲ್ಲಿನ ಮೇಲೆ ಬಿಳಿ ಕಾಣುತ್ತದೆ. ಉಷ್ಣಮಾಪಕ ಇರುವುದು ಆಳೆತ್ತರದಲ್ಲಿ, ನಿಮ್ಮ ಬಸಳೆ ಇರುವುದು ನೆಲದಲ್ಲಿ. ತಣ್ಣನೆ ಗಾಳಿ ಭಾರ, ಅಡಿಕೆ ತೋಟದ ಕಣಿವೆಗೆ ಇಳಿಯುವ ಹಾಗೆ ಇಲ್ಲೂ ತಗ್ಗಿನ ಮನೆಗಳಿಗೆ ಇಳಿದು ನಿಲ್ಲುತ್ತದೆ. ಊರ ಹೊರಗಿನ ವಿಮಾನ ನಿಲ್ದಾಣದ ಅಂಕಿಯನ್ನೇ ನಂಬಬೇಡಿ. ಗಾಳಿಯೇ 32ಕ್ಕೆ ಇಳಿಯುವ ಮೊದಲ ಫ್ರೀಜ್ ಸಾಮಾನ್ಯವಾಗಿ ಉತ್ತರ ಡಕೋಟಾದಲ್ಲಿ ಸೆಪ್ಟೆಂಬರ್ ಎರಡನೇ ಅರ್ಧದಲ್ಲಿ, ನೆಬ್ರಾಸ್ಕದಲ್ಲಿ ಅಕ್ಟೋಬರ್ ಮೊದಲ ಭಾಗದಲ್ಲಿ, ನಡು ಕ್ಯಾನ್ಸಸ್‌ನಲ್ಲಿ ಅಕ್ಟೋಬರ್ ಮಧ್ಯದ ನಂತರ, ಒಕ್ಲಹೋಮ ಸಿಟಿಯಲ್ಲಿ ನವೆಂಬರ್ ಆರಂಭಕ್ಕೆ.

ಕುಂಡದ ಕರಿಬೇವು, ವೀಳ್ಯದೆಲೆ, ಮಲ್ಲಿಗೆ ಅಲ್ಲಿಯವರೆಗೆ ಕಾಯುವುದಿಲ್ಲ. ರಾತ್ರಿ 50ಕ್ಕಿಂತ ಕೆಳಗೆ ಹೋಗುವ ವಾರವೇ ಒಳಗೆ ತನ್ನಿ. ತರುವ ಮೊದಲು ಎಲೆಯ ಅಡಿ ನೋಡಿ, ಶಲ್ಕಕೀಟವೋ ಜೇಡನುಶಿಯೋ ಇದ್ದರೆ ನೀರು ಚಿಮ್ಮಿಸಿ ತೊಳೆಯಿರಿ. ಒಳಗೆ ಬಂದ ಕರಿಬೇವು ಎಲೆ ಉದುರಿಸುತ್ತದೆ. ಗಾಬರಿಯಿಂದ ದಿನವೂ ನೀರು ಹೊಯ್ಯುವುದೇ ಅದನ್ನು ಕೊಲ್ಲುವ ದಾರಿ: ಬೆಳಕು ಕಡಿಮೆ, ಬೇರು ಕುಡಿಯುವುದಿಲ್ಲ, ಕೊಳೆಯುತ್ತದೆ. ಮೇಲಿನ ಒಂದಂಗುಲ ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ. ನೆಲದ ಹಾಗಲ, ಬಸಳೆಗೆ ಸಂಜೆಯೇ ಬುಡಕ್ಕೆ ನೀರು ಕೊಟ್ಟು, ಹಳೇ ಹತ್ತಿ ಪಂಚೆಯನ್ನು ನೆಲ ಮುಟ್ಟುವಂತೆ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯಿರಿ. ಒದ್ದೆ ಮಣ್ಣು ಶಾಖ ಹಿಡಿದಿಡುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದಲ್ಲೇ ಸುಡುತ್ತದೆ.

ಅದೇ ಸಂಜೆ ಹೊರಗಿನ ನಲ್ಲಿಯಿಂದ ಪೈಪನ್ನು ಬಿಚ್ಚಿ. ಪೈಪಿನಲ್ಲಿ ನಿಂತ ನೀರು ಹೆಪ್ಪುಗಟ್ಟಿ ಗೋಡೆಯೊಳಗಿನ ಕೊಳವೆ ಒಡೆದರೆ ಅದು ಗೊತ್ತಾಗುವುದು ಮುಂದಿನ ವಸಂತದಲ್ಲಿ, ನೆಲಮಾಳಿಗೆ ನೆನೆದಾಗ. ಮನೆ ಬೆಚ್ಚಗಿಡುವ ಫರ್ನೇಸನ್ನು ಚಳಿಗೆ ಮುಂಚೆಯೇ ಒಮ್ಮೆ ಹಚ್ಚಿ ನೋಡಿ, ಫಿಲ್ಟರ್ ಬದಲಿಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಪರೀಕ್ಷಿಸಿ. ಮೊದಲ ಸಲ ಧೂಳು ಸುಟ್ಟ ವಾಸನೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ.

ಗಾಳಿ ಒಣಗಿದ್ದು, ಜೋಳದ ಕೊಯ್ಲು ನಡೆದಿದ್ದು, ಬೆಂಕಿ ಬೇಗ ಹರಡುವ ಹವೆಗೆ ಕೊಡುವ 'ರೆಡ್ ಫ್ಲ್ಯಾಗ್' ಎಚ್ಚರಿಕೆ ಇದ್ದ ದಿನ ತರಗು ಸುಡುವುದು, ಅಂಗಳದಲ್ಲಿ ಹೋಮ ಮಾಡುವುದು ಬೇಡವೇ ಬೇಡ. ಮಲೆನಾಡಿನಲ್ಲಿ ಸೆಪ್ಟೆಂಬರ್ ನೆಲಕ್ಕೆ ಬೆಂಕಿ ಹಚ್ಚಿದರೂ ಹತ್ತುವುದಿಲ್ಲ, ಇಲ್ಲಿ ಒಂದು ಕಿಡಿ ಹೊಲವನ್ನೇ ದಾಟುತ್ತದೆ. ಗುಡುಗುಮಳೆಗೆ 'ವಾಚ್' ಎಂದರೆ ಸಿದ್ಧರಾಗಿರಿ ಎಂದು, 'ವಾರ್ನಿಂಗ್' ಎಂದರೆ ಬಂದೇಬಿಟ್ಟಿತು ಎಂದು. ಸುಂಟರಗಾಳಿಯ ವಾರ್ನಿಂಗ್ ಬಂದಾಗ ಮೋಡ ನೋಡಲು ಜಗಲಿಗೆ ಬರುವ ನಮ್ಮ ಅಭ್ಯಾಸ ಅಪಾಯದ್ದು. ನೆಲಮಾಳಿಗೆಗೆ, ಅದಿಲ್ಲದಿದ್ದರೆ ಕೆಳಮಹಡಿಯ ಕಿಟಕಿಯಿಲ್ಲದ ಒಳಕೋಣೆಗೆ ಹೋಗಿ.

ಇಷ್ಟೆಲ್ಲ ಕಲಿತ ಮೇಲೂ ಒಂದು ಕೊರತೆ ಉಳಿಯುತ್ತದೆ. ನಮ್ಮಲ್ಲಿ ಮಳೆಗೆ ಹೆಸರಿತ್ತು. ಇಲ್ಲಿ ಹುಟ್ಟಿದ ಮಗುವಿಗೆ ಮಳೆ ಒಂದು ಶೇಕಡಾವಾರು. ಭೂಮಿ ಹುಣ್ಣಿಮೆಯ ಬೆಳಗಿನಲ್ಲಿ ಊರಿನ ಗದ್ದೆಗಳಿಗೆ ಹಚ್ಚಂಬಲಿ ಎಂಬ ಸೊಪ್ಪಿನ ಅಡುಗೆ ಬೀರುವಾಗ ಭತ್ತ ಬಸಿರು, ನೆಲ ಹಸಿ. ಅದೇ ದಿನ ಇಲ್ಲಿ ಒಣಗಿ ನಿಂತ ಜೋಳವನ್ನು ಯಂತ್ರ ನುಂಗುತ್ತಿರುತ್ತದೆ, ಬಸಿರಿನ ಮಾತು ಹೇಳಿದರೆ 'ಎಲ್ಲಿ?' ಎಂದು ಮಗು ಕೇಳುತ್ತದೆ. ಪೂರ್ತಿ ತುಂಬಿಕೊಡಲು ಆಗದು. ಆದರೂ ಪಂಚಾಂಗ ತಂದಿದ್ದರೆ ಗೋಡೆಗೆ ತೂಗುಹಾಕಿ, ಮಳೆನಕ್ಷತ್ರದ ಎದುರು ಆ ರಾತ್ರಿಯ ಕನಿಷ್ಠ ಅಂಕಿಯನ್ನು ಮಗುವಿನ ಕೈಯಲ್ಲೇ ಬರೆಸಿ. ಉತ್ತರೆ ಸೆಪ್ಟೆಂಬರ್ 13ರ ಹೊತ್ತಿಗೆ, ಹಸ್ತ 27ಕ್ಕೆ, ಚಿತ್ತೆ ಅಕ್ಟೋಬರ್ 10ರ ಆಸುಪಾಸಿಗೆ ಹುಟ್ಟುತ್ತವೆ. ನೆಬ್ರಾಸ್ಕದವರಾದರೆ ಹಸ್ತ, ಚಿತ್ತೆಗಳ ನಡುವೆ ಎಲ್ಲೋ 32 ಬರೆಯಬೇಕಾಗುತ್ತದೆ. ಕರಿಬೇವು ಉತ್ತರೆಯಲ್ಲೇ ಒಳಗೆ ಬಂದಿರಲಿ.