ಊರಿನ ಟಿಸಿ ಸುಡದಂತೆ ನೋಡಿಕೊಳ್ಳುವುದು: ನನ್ನ ಅನುಭವ

ಟಿಸಿ, ಅಂದರೆ ಊರಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, ಸುಟ್ಟಿತೆಂದರೆ ಊರಿನವರು ದೊಡ್ಡ ಟಿಸಿ ಕೇಳುತ್ತಾರೆ. ನಾನು ಮೊದಲು ಟಾಂಗ್ ಟೆಸ್ಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಿಡಿಯುತ್ತೇನೆ. 63 ಕೆವಿಎ ಟಿಸಿಯ ಎಲ್‌ಟಿ ಕಡೆ (ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜಿನ ಕಡೆ), 433 ವೋಲ್ಟಿಗೆ, ಪ್ರತಿ ಫೇಸಿನ ಪೂರ್ತಿ ಲೋಡು 84 ಆಂಪಿಯರ್. ಅಳೆಯುವುದು ಸಂಜೆ ಏಳರ ಮೇಲೆ, ಮನೆಮನೆಯಲ್ಲೂ ದೀಪ, ಟಿವಿ ಹಾಕಿರುವಾಗ. ಮಧ್ಯಾಹ್ನದ ರೀಡಿಂಗ್ ನಂಬಬೇಡಿ.

ಮೂರು ಫೇಸುಗಳಲ್ಲಿ ಆರ್ 110, ವೈ 62, ಬಿ 58 ಆಂಪಿಯರ್ ಬಂತೆನ್ನಿ. ಸರಾಸರಿ 77, ಅಂದರೆ ಟಿಸಿ ಸಾಕು. ಆದರೆ ಟಿಸಿಯೊಳಗಿನ ಆರ್ ಫೇಸಿನ ಕಾಯಿಲ್ (ತಂತಿ ಸುರುಳಿ) ದಿನವೂ ಬೇಯುತ್ತಿದೆ. ನ್ಯೂಟ್ರಲ್‌ಗೆ (ಮೂರೂ ಫೇಸಿಗೆ ಒಂದೇ ಆದ ವಾಪಸು ತಂತಿಗೆ) ಟಾಂಗ್ ಹಾಕಿದರೆ ಅಲ್ಲೂ 50ರ ಆಸುಪಾಸು. ಆರ್‌ನಿಂದ 30 ಆಂಪಿಯರಿನಷ್ಟು ಮನೆಗಳನ್ನು ಬಿಡಿಸಿ ವೈಗೆ, ಬಿಗೆ ಅರ್ಧರ್ಧ ಕೊಟ್ಟರೆ 80, 77, 73 ಆಗುತ್ತದೆ. ನ್ಯೂಟ್ರಲ್ ಆರೇಳಕ್ಕೆ ಇಳಿಯುತ್ತದೆ. ಟಿಸಿ ಪಕ್ಕದ ಮನೆಗಳನ್ನಷ್ಟೇ ಬದಲಿಸಬೇಡಿ. ಕಂಬ ಕಂಬಕ್ಕೂ ಹಂಚಿದರೆ ಮಾತ್ರ ಕೊನೆಯ ಮನೆಗೂ ವೋಲ್ಟೇಜ್ ಏರುತ್ತದೆ. ಹಿಟ್ಟಿನ ಗಿರಣಿಯಂಥ ತ್ರೀ ಫೇಸ್ ಕನೆಕ್ಷನ್ ಮುಟ್ಟಬೇಡಿ, ಎರಡು ತಂತಿ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ.

ಕಂಬ ಹತ್ತುವ ಮುಂಚೆ ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ) ತೆಗೆದುಕೊಂಡು, ಜಿಒಎಸ್ (ಕಂಬದ ಮೇಲಿನ ಲೈನ್ ಸ್ವಿಚ್) ಬಿಡಿಸಿ ಬೀಗ ಹಾಕಿ, ಎಲ್‌ಟಿ ಫ್ಯೂಸ್ ಕಿತ್ತು, ಟೆಸ್ಟ್ ಮಾಡಿ, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಕೊಡಲೇಬೇಕು. ಯಾವುದೋ ಮನೆಯ ಜನರೇಟರಿನ ಕರೆಂಟ್ ಹಿಂದಕ್ಕೆ ಬಂದು ಜೀವ ತೆಗೆಯಬಲ್ಲದು.

ಆಮೇಲೆ ಬುಶಿಂಗ್ (ಟಿಸಿಯಿಂದ ಕರೆಂಟ್ ಹೊರಬರುವ ಪಿಂಗಾಣಿ ಕೊಳವೆ) ಬುಡ ನೋಡುತ್ತೇನೆ. ಧೂಳು ಹಿಡಿದ ಎಣ್ಣೆಯ ಕಪ್ಪು ಉಂಗುರ ಕಂಡರೆ ಮೇಲಿನ ಲಗ್ (ಕೇಬಲ್ ತುದಿಯ ಲೋಹದ ಕಿವಿ) ಸಡಿಲವಾಗಿರುವ ಸಂಭವ ಹೆಚ್ಚು. ಸಡಿಲ ಲಗ್ ಬಿಸಿಯಾಗುತ್ತದೆ, ಶಾಖಕ್ಕೆ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರಿಯುತ್ತದೆ, ಎಣ್ಣೆ ಹೊರಗೆ ಬಂದ ದಾರಿಯಲ್ಲೇ ಮಳೆನೀರು ಒಳಗೆ ಹೋಗುತ್ತದೆ. ಬುಶಿಂಗಿನ ಹಿತ್ತಾಳೆ ರಾಡಿಗೆ ಅಲ್ಯೂಮಿನಿಯಂ ಕೇಬಲ್ ನೇರ ಸುತ್ತುವುದು ಇದಕ್ಕೆಲ್ಲ ಮೂಲ. ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ ಒತ್ತಿಸಿ ಬಿಗಿ ಮಾಡಿ. ಟಿಸಿಯೊಳಗೆ ಹೋಗುವ ಗಾಳಿಯ ತೇವ ಹೀರುವ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಬದಲಿಸಿ. ಎಣ್ಣೆಯನ್ನು 2.5 ಮಿ.ಮೀ. ಗ್ಯಾಪಿನಲ್ಲಿ ಪರೀಕ್ಷಿಸಿದಾಗ 30 ಕೆವಿ ತಡೆಯದಿದ್ದರೆ ಫಿಲ್ಟರ್ ಮಾಡಿಸಿ.

ನ್ಯೂಟ್ರಲ್‌ಗೆ ಎರಡು ಬೇರೆ ಬೇರೆ ಅರ್ಥ್ ಗುಂಡಿ ಬೇಕು. ಸಿಡಿಲಿನಿಂದ ಕಾಯುವ ಲೈಟ್ನಿಂಗ್ ಅರೆಸ್ಟರಿಗೆ ಅದರದೇ ಗುಂಡಿ. ನ್ಯೂಟ್ರಲ್ ಕಡಿದರೆ ಬೇರೆ ಬೇರೆ ಫೇಸಿನ ಎರಡು ಮನೆಗಳು 400 ವೋಲ್ಟಿಗೆ ಸಾಲಾಗಿ ಸೇರಿದಂತಾಗಿ, ಕಡಿಮೆ ಲೋಡಿರುವ ಮನೆಗೇ ಹೆಚ್ಚು ವೋಲ್ಟೇಜ್ ಬಡಿಯುತ್ತದೆ. ಪಾಪ, ಒಂದೇ ಬಲ್ಬು ಹಾಕಿಕೊಂಡವರ ಟಿವಿ ಸುಡುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿಸಿ.

ಫ್ಯೂಸ್ ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟಿದರೆ, ಮುಂದೆ ಕರಗುವುದು ಕಾಯಿಲ್. ಮನೆಗಳನ್ನು ಹಂಚಿದ ಮರುದಿನ ಸಂಜೆ ಮತ್ತೆ ಟಾಂಗ್ ಹಾಕಿ, ನ್ಯೂಟ್ರಲ್ ಸೇರಿ ನಾಲ್ಕೂ ಅಂಕಿ ರಿಜಿಸ್ಟರಿನಲ್ಲಿ ಬರೆದಿಡಿ.