ಮಹಾಗನಿ ಬೀಜ ಹಿಡಿದು ಡಿಫರೆನ್ಷಿಯಲ್ ಈಕ್ವೇಶನ್ ಕಲಿಸುವ ಬಗೆ

ಬೇಸಿಗೆ ಕಾಲಿಡುವ ಹೊತ್ತಿಗೆ ಬೆಂಗಳೂರಿನ ರಸ್ತೆಬದಿಯ ಮಹಾಗನಿ ಕಾಯಿಗಳು ಒಡೆದು, ಒಂಟಿ ರೆಕ್ಕೆಯ ಬೀಜಗಳು ಗಿರಗಿರನೆ ತಿರುಗುತ್ತ ಇಳಿಯುತ್ತವೆ. ರೆಕ್ಕೆ ಮುರಿಯದ ಹತ್ತು ಬೀಜ ಆರಿಸಿ ತನ್ನಿ. ಮೊದಲ ವರ್ಷದ ಇಂಜಿನಿಯರಿಂಗ್ ತರಗತಿಯಲ್ಲಿ ಬೋರ್ಡ್ ಮುಟ್ಟುವ ಮೊದಲು ಅವನ್ನು ಎತ್ತರದಿಂದ ಬಿಟ್ಟು ತೋರಿಸಿ. ‘ಬೀಳುತ್ತ ಬೀಳುತ್ತ ಇದರ ವೇಗ ಏಕೆ ಏರುತ್ತಲೇ ಹೋಗುವುದಿಲ್ಲ?’ ಎಂದು ಕೇಳಿ. ಉತ್ತರ ಹುಡುಕುತ್ತ ವಿದ್ಯಾರ್ಥಿಗಳೇ ಈ ಡಿಫರೆನ್ಷಿಯಲ್ ಈಕ್ವೇಶನ್‌ಗೆ, ಅಂದರೆ ವೇಗ ಬದಲಾಗುವ ದರವನ್ನು ವೇಗದೊಂದಿಗೇ ಜೋಡಿಸುವ ಸಮೀಕರಣಕ್ಕೆ, ಬರಬೇಕು:

ದ್ರವ್ಯರಾಶಿ × ವೇಗೋತ್ಕರ್ಷ = ತೂಕ − ಕೆ × ವೇಗ²

ಇಲ್ಲಿ ಕೆ ಎಂದರೆ ಗಾಳಿಯ ತಡೆ ಎಷ್ಟೆಂದು ಹೇಳುವ ಸ್ಥಿರಾಂಕ. ತಡೆ ತೂಕಕ್ಕೆ ಸಮವಾದಾಗ ವೇಗ ಏರುವುದು ನಿಲ್ಲುತ್ತದೆ. ಅದೇ ಅಂತಿಮ ವೇಗ.

ಬೀಜಗಳು ಒಂದರಂತೆ ಒಂದಿರುವುದಿಲ್ಲ. ಹಾಗಾಗಿ ಅಳತೆಗೆ ಕಾಗದದ ಮಾದರಿಯೇ ಸರಿ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಎ4 ಹಾಳೆಯಲ್ಲಿ 20 × 5 ಸೆಂ.ಮೀ. ಪಟ್ಟಿ ಐದು ಸಿಗುತ್ತವೆ. ಒಂದರ ತೂಕ 0.8 ಗ್ರಾಂ. ಮೇಲಿನ 10 ಸೆಂ.ಮೀ. ಅನ್ನು ನಡುವೆ ಸೀಳಿ ಎರಡು ರೆಕ್ಕೆ ಮಾಡಿ, ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮಡಚಿ. ಎರಡೂ ಒಂದೇ ಕಡೆಗೆ ಮಡಚಿದರೆ ತಿರುಗುವುದಿಲ್ಲ. ಸೀಳಿನಿಂದ 2 ಸೆಂ.ಮೀ. ಕೆಳಗೆ ಎರಡೂ ಬದಿಯಿಂದ 1.7 ಸೆಂ.ಮೀ. ಕತ್ತರಿಸಿ, ಕೆಳಭಾಗದ ಅಂಚುಗಳನ್ನು ಒಳಕ್ಕೆ ಮಡಚಿ, ತುದಿಗೆ ಪೇಪರ್ ಕ್ಲಿಪ್ ಸಿಕ್ಕಿಸಿ.

ಮೆಟ್ಟಿಲ ಸಂದಿಯಲ್ಲಿ, ಫ್ಯಾನ್ ಗಾಳಿ ತಾಗದ ಕಡೆ, 3 ಮೀಟರ್ ಎತ್ತರದಿಂದ ಬಿಡಿ. ವೇಗ ನೆಲೆಗೊಳ್ಳಲು ಮೇಲಿನ ಒಂದು ಮೀಟರ್ ಬಿಟ್ಟು, ಕೆಳಗಿನ 2 ಮೀಟರ್ ಮಾತ್ರ ಅಳೆಯಿರಿ. ಅಳತೆಪಟ್ಟಿ ಮಾದರಿ ಬೀಳುವ ಜಾಗದ ಪಕ್ಕದಲ್ಲೇ ತೂಗಲಿ. ಹಿಂದಿನ ಗೋಡೆಗೆ ಅಂಟಿಸಿದರೆ ವೇಗ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಸ್ಟಾಪ್‌ವಾಚ್ ಬೇಡ. ಸೆಕೆಂಡಿಗೆ 1.5 ಮೀಟರ್ ವೇಗವಿದ್ದರೆ 2 ಮೀಟರ್ ದಾಟಲು ಬೇಕಾದದ್ದು 1.33 ಸೆಕೆಂಡ್, ಅದರಲ್ಲಿ ಕೈ 0.2 ಸೆಕೆಂಡ್ ತಪ್ಪಿದರೂ ಶೇ. 15ರಷ್ಟು ದೋಷ. ಸೆಕೆಂಡಿಗೆ 120 ಫ್ರೇಮಿನ ಮೊಬೈಲ್ ವಿಡಿಯೊದಲ್ಲಿ ಅದೇ ದೂರಕ್ಕೆ 160 ಫ್ರೇಮ್ ಸಿಗುತ್ತವೆ.

ಒಂದರಿಂದ ನಾಲ್ಕು ಕ್ಲಿಪ್‌ವರೆಗೆ, ಪ್ರತಿಯೊಂದಕ್ಕೂ ಐದೈದು ಸಲ ಬಿಟ್ಟು ಸರಾಸರಿ ತೆಗೆಯಲಿ. ಅಂತಿಮ ವೇಗದ ವರ್ಗ ದ್ರವ್ಯರಾಶಿಗೆ ಅನುಪಾತದಲ್ಲಿರುವುದರಿಂದ ಲಾಗ್–ಲಾಗ್ ಗ್ರಾಫಿನ (ದ್ರವ್ಯರಾಶಿ, ವೇಗ ಎರಡರ ಲಾಗರಿದಮ್ ಗುರುತಿಸಿದ ಗ್ರಾಫ್) ಇಳಿಜಾರು 0.5 ಬರಬೇಕು. ಬಾರದಿದ್ದಾಗಲೇ ಪಾಠ ಶುರು. ಆಗ ಸರಿ ಉತ್ತರ ಹೇಳಿಬಿಡಬೇಡಿ. ಕಾಗದದ ತೂಕ ಬಿಟ್ಟು ಕ್ಲಿಪ್‌ಗಳದ್ದನ್ನಷ್ಟೇ ಲೆಕ್ಕ ಹಿಡಿದವರಿಗೆ, ಕ್ಲಿಪ್ ಅರ್ಧ ಗ್ರಾಂ ಇದ್ದರೆ, ಇಳಿಜಾರು 0.28ರ ಆಸುಪಾಸಿಗೆ ಕುಸಿಯುತ್ತದೆ. 0.5 ಮೀರಿದರೆ ವಿಡಿಯೊದಲ್ಲಿ ರೆಕ್ಕೆ ನೋಡಲು ಹೇಳಿ: ಭಾರಕ್ಕೆ ಮೇಲಕ್ಕೆ ಬಾಗಿರುತ್ತದೆ, ಕೆ ಕಡಿಮೆಯಾಗಿರುತ್ತದೆ.

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಒಳ್ಳೆಯದು: ಅಂತಿಮ ವೇಗದ ಹತ್ತಿರ ಬರಲು ಎಷ್ಟು ದೂರ ಬೀಳಬೇಕು? ಸಮೀಕರಣ ಬಿಡಿಸಿದರೆ, ಸೆಕೆಂಡಿಗೆ 1.5 ಮೀಟರಿನ ಅಂತಿಮ ವೇಗದ ಶೇ. 95 ತಲುಪಲು ಸುಮಾರು 27 ಸೆಂ.ಮೀ. ಸಾಕು. ವಿಡಿಯೊದಲ್ಲಿ ಅದಕ್ಕಿಂತ ಹೆಚ್ಚು ದೂರ ಹಿಡಿಯುತ್ತದೆ, ಏಕೆಂದರೆ ತಿರುಗು ವೇಗ ಕೂಡಿಬರುವವರೆಗೆ ಕೆ ಸ್ಥಿರಾಂಕವೇ ಅಲ್ಲ. ಅದನ್ನು ಕಾಲದೊಂದಿಗೆ ಬದಲಾಗುವಂತೆ ಬರೆದು ಸ್ಪ್ರೆಡ್‌ಶೀಟ್‌ನಲ್ಲಿ 0.01 ಸೆಕೆಂಡಿನ ಹೆಜ್ಜೆಯ ಆಯ್ಲರ್ ವಿಧಾನದಿಂದ, ಅಂದರೆ ಪ್ರತಿ ಹೆಜ್ಜೆಗೂ ಆಗಿನ ವೇಗೋತ್ಕರ್ಷದಿಂದ ಮುಂದಿನ ವೇಗ ಲೆಕ್ಕಹಾಕುತ್ತ, ಬಿಡಿಸಲಿ.

ಇಷ್ಟಾದ ಮೇಲೆ ಬೀಜಕ್ಕೆ ಮರಳಿ, ಒಂಟಿ ರೆಕ್ಕೆಯ ಮಾದರಿ ಕಟ್ಟಿಸಿ. ತೆಳು ರಟ್ಟಿನ ರೆಕ್ಕೆಯ ಒಂದು ತುದಿಗೆ, ಗಾಳಿ ಸೀಳುವ ಅಂಚಿನ ಪಕ್ಕ, ಜೇಡಿಮಣ್ಣಿನ ಉಂಡೆ ಅಂಟಲಿ. ಉಂಡೆ ನಡುವಿಗೆ ಸರಿದರೆ ಮಾದರಿ ತಿರುಗದೆ ಮಗುಚುತ್ತ ಬೀಳುತ್ತದೆ. ಆಗ ಬೀಜವನ್ನು ಬೆರಳ ತುದಿಯಲ್ಲಿ ತೂಗಿ, ಅದರ ಭಾರ ಎಲ್ಲಿ ಕೂತಿದೆ ಎಂದು ನೋಡಿಕೊಂಡು ಬರಲಿ.