ಇದು ಕೊಲೆಯೋ, ಅಲ್ಲವೋ? ಸೆಕ್ಷನ್ ನೋಡಿ ತಿಳಿಯುವುದು ಹೇಗೆ

“ಹೊಡೆದವನು ಅವನೇ, ಸತ್ತವನು ನನ್ನ ಮಗನೇ. ಮತ್ತೆ ಇದು ಕೊಲೆ ಯಾಕಲ್ಲ ಸಾರ್?” ಕೋರ್ಟಿನ ಮೆಟ್ಟಿಲ ಮೇಲೆ ಕೂತು ಒಬ್ಬ ತಾಯಿ ನನ್ನನ್ನು ಕೇಳಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಚಾರ್ಜ್‌ಶೀಟಿನ ಝೆರಾಕ್ಸ್. ನನ್ನ ವಕೀಲಿಕೆಯಲ್ಲಿ ಜಾಸ್ತಿ ಎದುರಾಗುವ ಪ್ರಶ್ನೆ ಇದೇ. ಅವರಿಗೆ ಆ ದಿನ ಹೇಳಿದ್ದನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಘಟನೆ ನಡೆದ ದಿನ ನೋಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದಕ್ಕಿಂತ ಹಿಂದಿನ ಘಟನೆಗೆ 1860ರ ಹಳೆಯ ದಂಡ ಸಂಹಿತೆಯೇ ಅನ್ವಯ, ವಿಚಾರಣೆ ಈಗ ನಡೆದರೂ ಅಷ್ಟೇ.

ಆಮೇಲೆ ಸೆಕ್ಷನ್ ನಂಬರು. 103 ಅಂತಿದ್ದರೆ ಕೊಲೆ. ಹಳೆಯದರಲ್ಲಿ ಇದೇ 302. ಮರಣದಂಡನೆ ಇಲ್ಲವೇ ಜೀವಾವಧಿ. 105 ಅಂತಿದ್ದರೆ ಕೊಲೆ ಎನಿಸದ ನರಹತ್ಯೆ, ಹಳೆಯ 304. 106 ಅಂದರೆ ನಿರ್ಲಕ್ಷ್ಯದಿಂದ ಆದ ಸಾವು, ಹಳೆಯ 304ಎ. ಇದಕ್ಕೆ ಮೊದಲು 2 ವರ್ಷದವರೆಗೆ ಶಿಕ್ಷೆ ಇತ್ತು, ಈಗ 5 ವರ್ಷದವರೆಗೆ.

ಮೂರರಲ್ಲೂ ಜೀವ ಹೋಗಿರುತ್ತದೆ. ಕಾನೂನು ಅಳೆಯುವುದು ಹೊಡೆದವನ ಮನಸ್ಸನ್ನು. ಮನಸ್ಸಿನೊಳಗೆ ಇಣುಕಲು ಆಗಲ್ಲ, ಅಲ್ವಾ? ಹಾಗಾಗಿ ಕೋರ್ಟು ಹಿಡಿದ ಆಯುಧ ನೋಡುತ್ತದೆ, ಏಟು ಬಿದ್ದ ಜಾಗ ನೋಡುತ್ತದೆ, ಏಟಿನ ಬಲ ನೋಡುತ್ತದೆ. ಪೋಸ್ಟ್‌ಮಾರ್ಟಂ ವರದಿ ಸಿಕ್ಕಿದರೆ ಕೊನೆಯ ಸಾಲುಗಳನ್ನು ನಿಧಾನವಾಗಿ ಓದಿ. ಈ ಗಾಯ ಸಹಜವಾಗಿಯೇ ಸಾವು ತರುವಷ್ಟು ಗಂಭೀರವೇ ಎಂಬ ವೈದ್ಯರ ಮಾತಿಗೆ ಬಹಳ ತೂಕವಿದೆ.

ವಿರ್ಸಾ ಸಿಂಗ್ ಪ್ರಕರಣ ನೋಡಿ. ಹೊಟ್ಟೆಗೆ ಒಂದೇ ಒಂದು ಭರ್ಜಿ ಏಟು, ಕರುಳು ಹೊರಬಂದಿತ್ತು. ‘ಸಾಯಿಸುವ ಉದ್ದೇಶ ಇರಲಿಲ್ಲ’ ಎಂಬ ವಾದವನ್ನು 1958ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಗಾಯವನ್ನು ಮಾಡಬೇಕೆಂದೇ ಚುಚ್ಚಿದ್ದಾನೆ, ಅದು ಸಾವು ತರುವಂಥದ್ದೇ, ಹಾಗಾಗಿ ಕೊಲೆ ಎಂದಿತು. 1876ರ ಗೋವಿಂದ ಪ್ರಕರಣದಲ್ಲಿ ಗಂಡ ಹೆಂಡತಿಯನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಗುದ್ದಿದ್ದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಆಕೆ ತೀರಿಕೊಂಡಳು. ಬಾಂಬೆ ಹೈಕೋರ್ಟ್ ಇದನ್ನು ಕೊಲೆ ಎನ್ನಲಿಲ್ಲ, ನರಹತ್ಯೆ ಎಂದಿತು. ಸಾವು ಬರಬಹುದಾದ ಏಟು ಬೇರೆ, ಸಹಜವಾಗಿಯೇ ಸಾವು ತರುವ ಏಟು ಬೇರೆ ಎನ್ನುವುದು ಅದರ ತರ್ಕ. ಆ ಹೆಣ್ಣುಮಗಳನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೂ ಕಾನೂನಿನ ಗೆರೆ ಎಷ್ಟು ತೆಳುವಾದದ್ದು ಎಂದು ತೋರಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಕೊಲೆಯಂತೆಯೇ ಕಂಡರೂ 105ಕ್ಕೆ ಇಳಿಯುವ ಕೆಲವು ಸಂದರ್ಭಗಳಿವೆ. ಆತ್ಮರಕ್ಷಣೆಯ ಮಿತಿ ಮೀರಿದ್ದು, ಮುನ್ಯೋಚನೆ ಇಲ್ಲದೆ ದಿಢೀರನೆ ಎದ್ದ ಜಗಳ, ಗಂಭೀರವಾದ ಹಠಾತ್ ಪ್ರಚೋದನೆ ಇವುಗಳಲ್ಲಿ ಮುಖ್ಯ. ‘ಹಠಾತ್’ ಎನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ, ಹೆಂಡತಿಯ ಸಂಬಂಧ ತಿಳಿದ ಮೇಲೆ ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟರು, ಹಡಗಿಗೆ ಹೋಗಿ ರಿವಾಲ್ವರ್ ತಂದರು, ಆಮೇಲೆ ಅವಳ ಪ್ರಿಯಕರನನ್ನು ಗುಂಡು ಹಾರಿಸಿ ಕೊಂದರು. ನಡುವೆ ಸುಮಾರು 3 ಗಂಟೆ ಕಳೆದಿತ್ತು. ಸಿಟ್ಟು ಆರಲು ಅಷ್ಟು ಸಮಯ ಸಾಕಾಗಿತ್ತು ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ಕೊಲೆಯ ಶಿಕ್ಷೆಯನ್ನೇ ಎತ್ತಿಹಿಡಿಯಿತು.

105ರೊಳಗೂ ಎರಡು ಮೆಟ್ಟಿಲು. ಉದ್ದೇಶವಿದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಉದ್ದೇಶವಿಲ್ಲದೆ, ಸಾವು ಸಂಭವಿಸಬಹುದೆಂಬ ಅರಿವು ಮಾತ್ರ ಇದ್ದರೆ 10 ವರ್ಷದವರೆಗೆ. ರಸ್ತೆ ಅಪಘಾತದಲ್ಲಿ ಈ ‘ಅರಿವು’ ಎಲ್ಲವನ್ನೂ ಬದಲಿಸುತ್ತದೆ. ಸುಮ್ನೆ ಅಜಾಗರೂಕತೆಯಾದರೆ 106. ಆದರೆ 2006ರಲ್ಲಿ ಮುಂಬೈನ ಬಾಂದ್ರಾದಲ್ಲಿ ಕುಡಿದು ಕಾರು ಓಡಿಸಿ, ಫುಟ್‌ಪಾತ್ ಮೇಲೆ ಮಲಗಿದ್ದ 7 ಜನರ ಸಾವಿಗೆ ಕಾರಣನಾದವನನ್ನು ಕೋರ್ಟು ಬರೀ ಅಜಾಗರೂಕ ಚಾಲಕ ಎಂದು ಬಿಡಲಿಲ್ಲ. ನರಹತ್ಯೆಯ ಶಿಕ್ಷೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಖಾಯಂ ಮಾಡಿತು.

ಎಫ್‌ಐಆರಿನಲ್ಲಿ ಬಿದ್ದ ಸೆಕ್ಷನ್ನೇ ಕೊನೆಯಲ್ಲ. ಕೊಲೆ ಯತ್ನವೆಂದು 109ರಡಿ ದಾಖಲಾದ ಕೇಸು, ಗಾಯಾಳು ಆಸ್ಪತ್ರೆಯಲ್ಲಿ ತೀರಿಕೊಂಡರೆ 103 ಆಗಬಹುದು. ತೀರ್ಪು ಹೇಳುವವರೆಗೂ ಕೋರ್ಟು ಆರೋಪ ಬದಲಿಸಬಹುದು. ಹಾಗಾಗಿ ಸೆಕ್ಷನ್ ಕಡಿಮೆಯಾಯಿತು ಅನಿಸಿದರೆ ಸರ್ಕಾರಿ ವಕೀಲರನ್ನು ಬೇಗ ಕಾಣಿ. ಏಟು ಎಲ್ಲಿ ಬಿತ್ತು, ಆಯುಧವನ್ನು ಮನೆಯಿಂದಲೇ ತಂದಿದ್ದನೇ, ಕಣ್ಣಾರೆ ಕಂಡವರು ಯಾರು ಎಂದು ಬರೆದುಕೊಂಡು ಹೋಗಿ.

ಕೊನೆಗೆ ಕಡಿಮೆ ಅಪರಾಧಕ್ಕೆ ಶಿಕ್ಷೆಯಾದರೆ, ಅದರ ವಿರುದ್ಧ ಮೇಲ್ಮನವಿ ಹಾಕುವ ಹಕ್ಕು ಸತ್ತವರ ವಾರಸುದಾರರಿಗೂ ಇದೆ. ಇದು ಬಹಳ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಆ ತಾಯಿಗೂ ಹೇಳಿದೆ: “ತೀರ್ಪಿನ ಪ್ರತಿ ಕೈಗೆ ಬಂದ ದಿನವೇ ತಗೊಂಡು ಬನ್ನಿ ಅಮ್ಮ, ತಡ ಮಾಡಬೇಡಿ.”